ಮರೆವಿಗೆ ವಾಕಿಂಗ್ ಮದ್ದೇ?

ತಿಲಕ್ ನಗರದಲ್ಲಿ ಬೆಳಗಿನ ವಾಕಿಂಗ್ ಎಂದರೆ ಅರ್ಧ ನಡಿಗೆ, ಇನ್ನರ್ಧ ಬೈಕು ತಪ್ಪಿಸುವ ಕಸರತ್ತು. ಆದರೂ ಅರವತ್ತು ದಾಟಿದವರು ಮಫ್ಲರ್ ಸುತ್ತಿಕೊಂಡು ಹೊರಡುತ್ತಾರೆ. ಶುಗರ್, ಬಿ.ಪಿ.ಗೆಂದು ‘ನಡೀರಿ’ ಎನ್ನುತ್ತಿದ್ದ ಡಾಕ್ಟರು ಈಗ ಮರೆವಿಗೂ ಅದನ್ನೇ ಹೇಳುತ್ತಾರೆ. ಈ ಎರಡನೆಯ ಮಾತಿಗೆ ಪುರಾವೆ ಎಷ್ಟು ಗಟ್ಟಿ?

2011ರಲ್ಲಿ ಅಮೆರಿಕದ ಕರ್ಕ್ ಎರಿಕ್ಸನ್ ಮತ್ತು ಸಂಗಡಿಗರು 120 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ 40 ನಿಮಿಷ ನಡೆಯಿತು. ಇನ್ನೊಂದು ಮೈಕೈ ಚಾಚುವ ವ್ಯಾಯಾಮ ಮಾಡಿತು. ವರ್ಷದ ಕೊನೆಗೆ, ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ನಡೆದವರಲ್ಲಿ ಸುಮಾರು ಶೇ 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಶೇ 1.4ರಷ್ಟು ಕುಗ್ಗಿತ್ತು. ಪತ್ರಿಕೆಗಳು ಕುಣಿದಾಡಿದವು. ನೆನಪಿನ ಪರೀಕ್ಷೆಯಲ್ಲಿ ಮಾತ್ರ ಎರಡೂ ಗುಂಪು ಸರಿಸುಮಾರು ಒಂದೇ ಮಟ್ಟಕ್ಕೆ ಸುಧಾರಿಸಿದ್ದವು ಎಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆಮೇಲೆ 70ರಿಂದ 89 ವಯಸ್ಸಿನ 1,635 ಮಂದಿಯ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ವ್ಯಾಯಾಮ ಮಾಡಿದವರಿಗೂ ಬರೀ ಆರೋಗ್ಯದ ಪಾಠ ಕೇಳಿದವರಿಗೂ ಮಿದುಳಿನ ಚುರುಕಿನಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. 80 ದಾಟಿದವರಲ್ಲಿ ಒಂದಿಷ್ಟು ಲಾಭ ಕಂಡಿತು, ಅಷ್ಟೆ.

ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನ ಇನ್ನೂ ಕುತೂಹಲದ್ದು. ಹತ್ತು ಸಾವಿರ ಜನರನ್ನು ಕಾಲು ಶತಮಾನಕ್ಕೂ ಮಿಕ್ಕಿ ಹಿಂಬಾಲಿಸಿದಾಗ, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದವರ ಓಡಾಟ ರೋಗ ಪತ್ತೆಯಾಗುವ ಒಂಬತ್ತು ವರ್ಷ ಮೊದಲೇ ಇಳಿಯತೊಡಗಿತ್ತು. ಹಾಗಾದರೆ ನಡೆಯದ್ದರಿಂದ ಮರೆವು ಬಂತೋ, ಮರೆವು ಒಳಗೇ ಶುರುವಾಗಿ ನಡಿಗೆ ನಿಂತಿತೋ?

ನನ್ನ ಲೆಕ್ಕದಲ್ಲಿ ನಡಿಗೆಯ ಲಾಭ ಮಿದುಳಿಗೆ ಬರುವುದು ಬಳಸುದಾರಿಯಲ್ಲಿ. ಬಿ.ಪಿ., ಸಕ್ಕರೆ ಹಿಡಿತದಲ್ಲಿದ್ದರೆ ಮಿದುಳಿನ ಸಣ್ಣ ರಕ್ತನಾಳಗಳು ಉಳಿಯುತ್ತವೆ. ಜೊತೆಗೆ ನಡೆಯುವ ಗೆಳೆಯರಿದ್ದರೆ ಒಂಟಿತನವೂ ಕಳೆಯುತ್ತದೆ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗ 2024ರಲ್ಲಿ ಗುರುತಿಸಿದ ಡಿಮೆನ್ಷಿಯಾದ 14 ಅಪಾಯಗಳಲ್ಲಿ ಇವೆಲ್ಲ ಇವೆ. ವ್ಯಾಯಾಮ ಇಲ್ಲದಿರುವುದರ ಸ್ವಂತ ಪಾಲು ಶೇ 2 ಮಾತ್ರ.

ಕಾಲಿಗೂ ತಲೆಗೂ ಇರುವ ನಂಟನ್ನು ಅಗ್ಗದಲ್ಲಿ ತೋರಿಸಿದವರು ಸ್ವೀಡನ್ನಿನ ಸಂಶೋಧಕರು. ಹಿರಿಯರ ಜೊತೆಗೆ ನಡೆಯುತ್ತಾ ಒಂದು ಮಾತು ಕೇಳಿದರಂತೆ. ಉತ್ತರಿಸಲು ನಿಂತೇಬಿಟ್ಟ 12 ಹಿರಿಯರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ಬಿದ್ದು ಸೊಂಟದ ಮೂಳೆ ಮುರಿದರೆ ನಡಿಗೆಯೇ ಮುಗಿಯಿತು. ಅದಕ್ಕೇ 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ತಿಲಕ್ ನಗರದ ಫುಟ್‌ಪಾತಿನಲ್ಲಿ ಎದ್ದ ಚಪ್ಪಡಿಗಳನ್ನು ಸರಿಮಾಡುವುದೂ ಮಿದುಳಿನ ಚಿಕಿತ್ಸೆಯ ಭಾಗವೇ, ಯಾವ ನರರೋಗ ತಜ್ಞರೂ ಚೀಟಿಯಲ್ಲಿ ಅದನ್ನು ಬರೆಯಲಾರರು.

ಈ ಅಂಕಿಗಳೆಲ್ಲ ಹೊರದೇಶದವು. ನಮ್ಮವರ ಲೆಕ್ಕಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ವಾಕಿಂಗ್ ಎಂದು ಪ್ರತ್ಯೇಕವಾಗಿ ಎಂದೂ ಹೋಗದೆ, ಹೊಲದಲ್ಲೇ ದಿನವಿಡೀ ನಡೆದವರು ಅಲ್ಲಿ ಎಷ್ಟೋ ಮಂದಿ.