ಸೌಲನ ಮಾನಸಾಂತರ
ದಮಸ್ಕದ ದಾರಿಯಲ್ಲಿ ಸೌಲನನ್ನು ನೆಲಕ್ಕೆ ಕೆಡವಿದ ಬೆಳಕು ಚಿತ್ರಕಾರರಿಗೆ ಪ್ರಿಯವಾದ ವಸ್ತು. ಮೂಲದಲ್ಲಿಲ್ಲದ ಕುದುರೆಯನ್ನೂ ಅವರು ಸೇರಿಸಿದ್ದಾರೆ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 9ನೆಯ ಅಧ್ಯಾಯದಲ್ಲಾದರೋ ಬೆಳಕಿನ ನಂತರದ ಕತ್ತಲೆಯೇ ಹೆಚ್ಚು ಅರ್ಥಪೂರ್ಣವಾದುದು. ಕ್ರಿಸ್ತನ ಅನುಯಾಯಿಗಳನ್ನು ಬಂಧಿಸಲು ಹೊರಟವನು ಕುರುಡನಾಗಿ, ಪರರ ಕೈಹಿಡಿದು ಊರು ಸೇರಿ, ಮೂರು ದಿನ ಅನ್ನನೀರಿಲ್ಲದೆ ಇದ್ದನು. ಅವನಿಂದ ಸೆರೆಯಾಗಬಹುದಾಗಿದ್ದ ಅನನೀಯನೇ, ಮೊದಲು ಹಿಂಜರಿದರೂ, ಬಂದು ಅವನ ಮೇಲೆ ಕೈಯಿಟ್ಟು ಸಹೋದರನೆಂದು ಕರೆದನು. ಕ್ರೈಸ್ತರ ಕನ್ನಡದಲ್ಲಿ ಇಂತಹ ತಿರುವಿಗೆ ‘ಮಾನಸಾಂತರ’ವೆಂಬ ಹೆಸರಿದೆ. ‘ಮತಾಂತರ’ವೆಂಬ ಮಾತು ಇಲ್ಲಿ ಸಾಲದು: ಸೌಲನು ಪೂರ್ವಿಕರ ದೇವರನ್ನು ತೊರೆಯಲಿಲ್ಲ, ಪೌಲನೆಂಬ ಹೆಸರು ಗ್ರಂಥದಲ್ಲಿ ಕಾಣುವುದೂ 13ನೆಯ ಅಧ್ಯಾಯದಲ್ಲಿ. ತಾನು ಹಿಂಸಿಸಿದವರ ನಡುವೆಯೇ ಅವನು ಬಾಳಬೇಕಾಯಿತು. ಯೆರೂಸಲೇಮಿನ ಶಿಷ್ಯರು ಅವನನ್ನು ನಂಬದೆ ಹೆದರಿದಾಗ, ಬಾರ್ನಬನು ಅವನನ್ನು ಕರೆದೊಯ್ದು ಅವನ ಪರವಾಗಿ ಮಾತನಾಡಿದನು.