ಪುಷ್ಯರಾಗದ ಓಲೆ: ಕೊಳ್ಳುವ ಮುನ್ನ, ಕೊಂಡ ಮೇಲೆ

ತಮಿಳು ಮಾತನಾಡುವ ನೆರೆಮನೆಯಾಕೆ ‘ತೋಡು’ ಅಂತಾರೆ, ತೆಲುಗಿನವರು ‘ಕಮ್ಮಲು’ ಅಂತಾರೆ, ನಾವು ‘ಓಲೆ’ ಅಂತೀವಿ. ರಾಬರ್ಟ್‌ಸನ್‌ಪೇಟೆಯಲ್ಲಿ ಹೆಸರು ಮೂರಾದರೂ ಆಸೆ ಒಂದೇ. ಚಿನ್ನದ ಗಣಿಯ ಊರಿನ ಹೆಣ್ಣುಮಕ್ಕಳಿಗೆ ಚಿನ್ನದ ಬಗ್ಗೆ ಹೇಳಿಕೊಡುವುದೇನಿದೆ ಎನ್ನಬಹುದು. ಆದರೆ ಕಲ್ಲಿನ ಮಾತೇ ಬೇರೆ. ಇಲ್ಲಿನ ಗಣಿಯಲ್ಲಿ ಬೆಣಚುಕಲ್ಲಿನ ನಡುವೆ ಸಿಕ್ಕಿದ್ದು ಚಿನ್ನ. ಪುಷ್ಯರಾಗ ಬ್ರೆಜಿಲ್, ಶ್ರೀಲಂಕಾದಂಥ ಕಡೆಗಳಿಂದ ಬರುವ ಕಲ್ಲು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಎಷ್ಟೋ ಮನೆಗಳವರು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಅಂಥ ಮನೆಗಳಲ್ಲಿ ಕಿವಿಯ ಓಲೆ ಬರೀ ಅಲಂಕಾರವಲ್ಲ. ಮಗುವಿನ ಶಾಲೆ ಫೀಸಿಗೋ ಆಸ್ಪತ್ರೆ ಖರ್ಚಿಗೋ ಅಡವಿಡುವ ಆಪದ್ಧನ. ಆದ್ದರಿಂದಲೇ ಕಲ್ಲಿನ ಓಲೆ ಕೊಳ್ಳುವಾಗ ಕಣ್ಣಿನ ಜೊತೆ ಲೆಕ್ಕವೂ ಚುರುಕಾಗಿರಬೇಕು.

ಯಾವ ಪುಷ್ಯರಾಗ?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಗುರುಗ್ರಹಕ್ಕೆಂದು ಧರಿಸುವ ಹಳದಿ ನೀಲಮಣಿಯನ್ನೂ ‘ಪುಷ್ಯರಾಗ’ ಎಂದೇ ಮಾರುತ್ತಾರೆ. ಇಂಗ್ಲಿಷರ ಟೋಪಾಜ್ ಅದಲ್ಲ. ಹಳದಿ ನೀಲಮಣಿಯ ಬೆಲೆ ಬಹಳ ಹೆಚ್ಚು. ಇನ್ನು ಸಿಟ್ರಿನ್ ಎಂಬ ಹಳದಿ ಸ್ಫಟಿಕವನ್ನು ಟೋಪಾಜ್ ಎಂದು ದಾಟಿಸುವುದೂ ಉಂಟು. ಮೂರೂ ಹಳದಿ, ಬರಿಗಣ್ಣಿಗೆ ಭೇದ ತಿಳಿಯದು. “ಇದು ಯಾವ ಕಲ್ಲು?” ಎಂದು ಕೇಳಿ, ಅದೇ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬೆಲೆ ಹೆಚ್ಚಿದ್ದರೆ ರತ್ನ ಪರೀಕ್ಷೆಯ ಪ್ರಮಾಣಪತ್ರ ಕೇಳಲು ಸಂಕೋಚ ಬೇಡ.

ನೀಲಿ ಟೋಪಾಜ್ ಮನಸ್ಸು ಸೆಳೆಯುತ್ತದೆ, ನಿಜ. ಅಂಗಡಿಗೆ ಬರುವ ನೀಲಿ ಕಲ್ಲುಗಳಲ್ಲಿ ಬಹುಪಾಲು, ಬಣ್ಣವಿಲ್ಲದ ಟೋಪಾಜನ್ನು ವಿಕಿರಣಕ್ಕೆ ಒಡ್ಡಿ, ಕಾಯಿಸಿ ನೀಲಿ ಮಾಡಿದವು. ಆ ಬಣ್ಣ ನಿಲ್ಲುತ್ತದೆ, ಮೋಸವೇನಲ್ಲ. ಅಪರೂಪದ ಕಲ್ಲಿನ ಬೆಲೆ ಮಾತ್ರ ಕೊಡಬೇಡಿ. ಕಾಮನಬಿಲ್ಲಿನಂತೆ ಹೊಳೆಯುವ ಕಲ್ಲುಗಳಿಗೆ ಮೇಲೆ ತೆಳು ಲೇಪವಿರುತ್ತದೆ. ಉಜ್ಜಿದರೆ ಅದು ಹೋಗುತ್ತದೆ.

ತೂಕದ ಲೆಕ್ಕ

ಐದು ಕ್ಯಾರೆಟ್ ಕಲ್ಲೆಂದರೆ ಒಂದು ಗ್ರಾಂ. ಒಂದೊಂದು ಓಲೆಗೆ ಎರಡು ಕ್ಯಾರೆಟ್ಟಿನ ಕಲ್ಲಿದೆ, ಜೋಡಿಯ ಒಟ್ಟು ತೂಕ 6 ಗ್ರಾಂ ಎನ್ನಿ. ಕಲ್ಲುಗಳದ್ದೇ 0.8 ಗ್ರಾಂ; ಚಿನ್ನ ಉಳಿದದ್ದು 5.2 ಗ್ರಾಂ. ಪೂರಾ 6 ಗ್ರಾಂಗೆ ಚಿನ್ನದ ದರ ಹಾಕಿದರೆ ಕಲ್ಲನ್ನು ಚಿನ್ನದ ಬೆಲೆಗೆ ಕೊಂಡ ಹಾಗಾಯಿತು. ಮುಂದೆ ಬ್ಯಾಂಕಿನಲ್ಲಿ ಅಡವಿಡಲು ಹೋದಾಗ ಕಲ್ಲಿನ ತೂಕ ಕಳೆದೇ ಸಾಲ ಕೊಡುತ್ತಾರೆ. ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ತೂಕ, ಮಜೂರಿ, ಇವು ನಾಲ್ಕೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿರಲಿ. ಅತ್ತೆಯವರ ಹಳೇ ಓಲೆ ಮುರಿಸಿ ಹೊಸದು ಮಾಡಿಸುವಾಗಲೂ ಇದೇ ನಿಯಮ. ಕಲ್ಲುಗಳನ್ನು ಎಣಿಸಿ ಕೊಡಿ, ಎಣಿಸಿ ತನ್ನಿ.

ಬಿಐಎಸ್ ಗುರುತು, 22ಕೆ916 ಅಥವಾ 18ಕೆ750 ಎಂಬ ಶುದ್ಧತೆ, ಆರು ಅಕ್ಷರ-ಅಂಕಿಗಳ ಸಂಖ್ಯೆ, ಈ ಮೂರನ್ನೂ ಭೂತಗನ್ನಡಿಯಲ್ಲಿ ನೋಡಿ. ಆರರ ಈ ಸಂಖ್ಯೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ಆದರೆ 2 ಗ್ರಾಂಗಿಂತ ಹಗುರವಾದ ಒಡವೆಗೆ ಕಡ್ಡಾಯವಿಲ್ಲ. ಪುಟ್ಟ ಓಲೆ ಕೊಳ್ಳುವವರು ಇದನ್ನು ಮರೆಯಬಾರದು. 22 ಕ್ಯಾರೆಟ್ ಚಿನ್ನ ಮೆತುವು, ಕಲ್ಲು ಹಿಡಿಯುವ ಕೊಕ್ಕೆ ಬೇಗ ಸಡಿಲವಾಗುತ್ತದೆ. 18ರದ್ದು ಗಟ್ಟಿ, ಆದರೆ ಅದರಲ್ಲಿ ಚಿನ್ನದ ಪಾಲು ನೂರಕ್ಕೆ 75 ಮಾತ್ರ.

ಜೋಪಾನ ಮಾಡುವುದು ಹೇಗೆ?

ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳ ದೂಳು ಮನೆಯೊಳಗೂ ಬರುವುದು ನಮ್ಮ ಊರಿನವರಿಗೆ ಗೊತ್ತೇ ಇದೆ. ಅಂಥ ದೂಳಿನಲ್ಲಿ ಗಾಜಿನ ಕಲ್ಲು ಕ್ರಮೇಣ ಮಂಕಾಗುತ್ತದೆ. ಟೋಪಾಜ್ ಬೆಣಚಿಗಿಂತ ಗಟ್ಟಿ, ಗೀರು ಬೀಳದು. ಹಾಗೆಂದು ಉದಾಸೀನ ಬೇಡ. ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೌದೆ ಸೀಳಿದ ಹಾಗೆ ಸೀಳಿಬಿಡುತ್ತದೆ. ಕಲ್ಲಿನ ಬಚ್ಚಲಲ್ಲಿ ಓಲೆ ಬಿಚ್ಚಬೇಡಿ; ಹಾಸಿಗೆಯ ಮೇಲೆ ಕುಳಿತು ಬಿಚ್ಚಿ.

• ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು ಬೆರೆಸಿ, ಮೆತ್ತಗಿನ ಹಳೇ ಬ್ರಷ್ಷಿನಿಂದ ಹಿಂಭಾಗದ ಎಣ್ಣೆಜಿಡ್ಡು ತೆಗೆಯಿರಿ. ಹತ್ತಿಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ.

• ಹಿಂಭಾಗ ಮುಚ್ಚಿದ ಹಳೇ ಓಲೆಯನ್ನು ನೀರಿನಲ್ಲಿ ನೆನೆಸಬೇಡಿ. ನೀರು ಒಳಗೆ ಸೇರಿದರೆ ಹೊಳಪು ಹೋಗುತ್ತದೆ.

• ಕುದಿಯುವ ನೀರು, ಹಬೆ, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ, ಮೂರೂ ಬೇಡ.

• ತಿರುಪು ಬೆಸೆಯಲು ಕೊಟ್ಟಾಗ, ಬೆಂಕಿ ತೋರಿಸುವ ಮುನ್ನ ಕಲ್ಲು ತೆಗೆಯುವಂತೆ ಆಚಾರಿಗೆ ಹೇಳಿ.

• ವಜ್ರ, ಕೆಂಪಿನ ಒಡವೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಅವು ಟೋಪಾಜನ್ನು ಗೀರುತ್ತವೆ.

• ತಿಂಗಳಿಗೊಮ್ಮೆ ಓಲೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿ. ‘ಟಿಕ್’ ಎಂದರೆ ಕಲ್ಲು ಸಡಿಲವಾಗಿದೆ ಎಂದರ್ಥ, ಅಂದೇ ರಿಪೇರಿಗೆ ಕೊಡಿ.

ಕೊನೆಗೊಂದು ಮಾತು. ಓಲೆಯಷ್ಟೇ ಜೋಪಾನವಾಗಿ ಬಿಲ್ಲನ್ನೂ ಎತ್ತಿಡಿ. ಕಷ್ಟಕ್ಕೆಂದು ಒಡವೆ ಹೊರತೆಗೆಯಬೇಕಾದ ದಿನ, ಅದರಲ್ಲಿರುವ ಚಿನ್ನ ಎಷ್ಟೆಂದು ಇನ್ನೊಬ್ಬರು ಹೇಳುವ ಮುಂಚೆ ನಿಮಗೇ ಗೊತ್ತಿರಲಿ.