ವಾರದ ಆ ಆರು ಗಂಟೆ

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನವರು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಭೂವಿಜ್ಞಾನಿಗಳು ಮಾತ್ರ ಬಿಟ್ಟಿಲ್ಲ. ರಾಮದೇವರ ಬೆಟ್ಟದಿಂದ ಮಾಗಡಿಯ ಸಾವನದುರ್ಗದವರೆಗೆ ಕಾಣುವ ಬಂಡೆಗಳು, ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿರುವ, 250 ಕೋಟಿ ವರ್ಷಗಳಷ್ಟು ಹಳೆಯದಾದ ಒಂದೇ ಶಿಲಾಪಟ್ಟಿಗೆ ಸೇರಿದವು. ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಇಂದಿಗೂ ಅದು ‘ಕ್ಲೋಸ್‌ಪೇಟ್ ಗ್ರಾನೈಟ್’. ಬೆಂಗಳೂರು ವಿಶ್ವವಿದ್ಯಾಲಯದ ಎಂ. ಜಯಾನಂದ ಮತ್ತು ಬಿ. ಮಹಾಬಲೇಶ್ವರ್ ಫ್ರಾನ್ಸಿನ ಸಂಗಾತಿಗಳೊಡನೆ ಈ ಶಿಲೆಯ ಹುಟ್ಟನ್ನು ಕುರಿತು 1995ರಲ್ಲಿ ಪ್ರಕಟಿಸಿದ ಪ್ರಬಂಧವನ್ನು, ಭೂಮಿಯ ತೊಗಟೆ ರೂಪುಗೊಂಡ ಬಗೆಯನ್ನು ಅರಸುವವರು ಈಗಲೂ ತೆರೆದು ನೋಡುತ್ತಾರೆ. ಜಯಾನಂದರು ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. 2001ರಲ್ಲಿ ಅದೇ ಕಲ್ಲಿನ ಬಗ್ಗೆ ಅವರೂ ಸೇರಿ ಬರೆದ ಇನ್ನೊಂದು ಪ್ರಬಂಧ ಬಂತು. ನಮ್ಮ ಅಧ್ಯಾಪಕರು ಸಂಶೋಧನೆಯಲ್ಲಿ ಎಷ್ಟು ತೊಡಗಿದ್ದಾರೆ ಎಂದು ಕೇಳುವವರು ಮೊದಲು ಗಮನಿಸಬೇಕಾದದ್ದು ಇದನ್ನೇ. ತೊಡಗುವುದೆಂದರೆ ಒಂದೇ ಪ್ರಶ್ನೆಯ ಬಳಿಗೆ ವರ್ಷಗಟ್ಟಲೆ ಮರಳಿ ಮರಳಿ ಹೋಗುವುದು.

ನಮ್ಮ ಉನ್ನತ ಶಿಕ್ಷಣ ವ್ಯವಸ್ಥೆ ಈ ಮರಳುವಿಕೆಯನ್ನು ಅಳೆಯಲೇ ಇಲ್ಲ, ಎಣಿಸಲು ಸುಲಭವಾದದ್ದನ್ನು ಎಣಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ಸಾಧನೆ ಅಳೆಯುವ ಎಪಿಐ ಅಂಕಗಳನ್ನು ತಂದಾಗ ಪೇಪರಿಗೆ ಇಷ್ಟು, ಸೆಮಿನಾರಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ಲೆಕ್ಕ ಕಟ್ಟಲಾಯಿತು. ಅಂಕ ತುಂಬದೆ ಬಡ್ತಿ ಇಲ್ಲ ಎಂದಾದ ಮೇಲೆ ಪೇಪರುಗಳ ಸಂತೆಯೇ ನೆರೆಯಿತು. ಹಣ ಕಟ್ಟಿದರೆ ವಾರದೊಳಗೆ ಅಚ್ಚು ಹಾಕಿಕೊಡುವ ಪತ್ರಿಕೆಗಳು ಹುಟ್ಟಿಕೊಂಡವು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಯುಜಿಸಿಯ ಮಾನ್ಯ ಪತ್ರಿಕೆಗಳ ಪಟ್ಟಿಗೆ ಸೇರಿದ್ದ ಸಾವಿರದಷ್ಟು ಪತ್ರಿಕೆಗಳನ್ನು ಪುಣೆಯ ಸಂಶೋಧಕರು ಪರಿಶೀಲಿಸಿದಾಗ, ಶೇ. 88ರಷ್ಟು ಕಳಪೆಯೆಂದು ಕಂಡುಬಂತು. ‘ಕರೆಂಟ್ ಸೈನ್ಸ್’ ಪತ್ರಿಕೆ ಅದನ್ನು 2018ರಲ್ಲಿ ಪ್ರಕಟಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಬಳಿಕ ಮಾನ್ಯ ಪತ್ರಿಕೆಗಳ ಹೊಸ ‘ಕೇರ್’ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಡಲಾಯಿತು. ಹದಿನೈದು ವರ್ಷಗಳಲ್ಲಿ ಅಳತೆಗೋಲು ಇಷ್ಟು ಸಲ ಬದಲಾದರೂ ಅಳೆಯುತ್ತಿದ್ದ ವಸ್ತು ಬದಲಾಗಲಿಲ್ಲ. ಅಚ್ಚಾದ ಪುಟವೇ ಆಗಲೂ ಈಗಲೂ ಅಳತೆ. ಒಂದು ವಿಷಯವನ್ನು ಹತ್ತು ವರ್ಷ ಹಿಡಿದವರಿಗೂ ಹತ್ತು ವಿಷಯಗಳನ್ನು ಒಂದೊಂದು ವರ್ಷ ಮುಟ್ಟಿ ಬಿಟ್ಟವರಿಗೂ ಆ ಅಳತೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿದರೂ ಅದು ಎರಡನೆಯವರ ಪರವಾಗಿಯೇ ವಾಲುತ್ತದೆ.

ಹೊತ್ತಿನ ಲೆಕ್ಕವನ್ನೂ ನೋಡೋಣ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಸಂಶೋಧನೆಗೆ ವಾರಕ್ಕೆ ಕನಿಷ್ಠ 6 ಗಂಟೆ ಮೀಸಲಿಡಬೇಕೆಂದೂ 2010ರ ನಿಯಮದಲ್ಲಿ ಬರೆದಿತ್ತು. ಕಾಗದದ ಮೇಲಿನ ಆ ಆರು ಗಂಟೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪದವಿ ಕಾಲೇಜುಗಳಿಗೆ ಬರುವಷ್ಟರಲ್ಲಿ ಕರಗಿರುತ್ತದೆ. ಆಂತರಿಕ ಮೌಲ್ಯಮಾಪನ, ಸೆಮಿಸ್ಟರ್ ಪರೀಕ್ಷೆ, ಉತ್ತರಪತ್ರಿಕೆಗಳ ತಿದ್ದುವಿಕೆ, ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ, ನ್ಯಾಕ್ ಮಾನ್ಯತೆಯ ಕಡತ, ಚುನಾವಣಾ ಕರ್ತವ್ಯ ಎಲ್ಲವೂ ಬಂದು ಕೂರುವುದು ಅದರ ಮೇಲೆಯೇ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಬಹುಭಾರ ಹೊತ್ತಿರುವ ಅತಿಥಿ ಉಪನ್ಯಾಸಕರಿಗಂತೂ ಆ ಆರು ಗಂಟೆ ಕಾಗದದ ಮೇಲೂ ಇಲ್ಲ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ತಿಳಿಯದವರು ಹತ್ತು ವರ್ಷದ ಪ್ರಶ್ನೆಯನ್ನು ಹೇಗೆ ಕೈಗೆತ್ತಿಕೊಂಡಾರು? ಅವರಲ್ಲಿ ಪಿಎಚ್.ಡಿ. ಮುಗಿಸಿದವರು ಎಷ್ಟೋ ಮಂದಿ. ಸಂಶೋಧನೆಗೆ ಬೇಕಾದ ತರಬೇತಿ ಕೊಟ್ಟು, ಸಂಶೋಧನೆ ಮಾಡುವ ಸ್ಥಿತಿಯನ್ನು ಕಿತ್ತುಕೊಂಡಿದ್ದೇವೆ. ಇದು ನನಗೆ ತುಂಬ ನೋವಿನ ಸಂಗತಿ.

ಲೆಕ್ಕ ಕೇಳದಿದ್ದರೆ ಯಾರೂ ಕೆಲಸ ಮಾಡುವುದಿಲ್ಲ, ಒಳ್ಳೆಯ ಸಂಬಳ ಪಡೆದು ಪುಸ್ತಕ ತೆರೆಯದವರೂ ಇದ್ದಾರೆ ಎಂಬ ಆಕ್ಷೇಪ ಬರುತ್ತದೆ. ಅಂಥವರು ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಂಕಪಟ್ಟಿ ಅವರನ್ನು ತಿದ್ದಲಿಲ್ಲ, ಪೇಪರು ಕೊಳ್ಳಲು ಕಲಿಸಿತು ಅಷ್ಟೆ. ಪೆಟ್ಟು ಬಿದ್ದದ್ದು ಮನಸ್ಸಿಟ್ಟು ದುಡಿಯುವವರ ಮೇಲೆ. ಲೆಕ್ಕವೇ ಬೇಡವೆಂದು ನಾನು ಹೇಳುತ್ತಿಲ್ಲ. ಈ ವರ್ಷ ಎಷ್ಟು ಅಚ್ಚಾಯಿತು ಎನ್ನುವ ಬದಲು ಐದು ವರ್ಷದಿಂದ ಯಾವ ಪ್ರಶ್ನೆಯ ಹಿಂದಿದ್ದೀರಿ, ಕೂಡಿಸಿದ ಮಾಹಿತಿ ಎಲ್ಲಿದೆ, ಇನ್ನೊಬ್ಬರು ಅದನ್ನು ಬಳಸಬಹುದೇ ಎಂದು ಕೇಳಿ ನೋಡಲಿ. ಆ ಪ್ರಶ್ನೆಗೆ ಹಣ ಕೊಟ್ಟು ಉತ್ತರ ಕೊಳ್ಳುವುದು ಕಷ್ಟ.

ತಾಲ್ಲೂಕು ಮಟ್ಟದ ವಿಷಯ ಹಿಡಿದರೆ ಸಂಶೋಧನೆಯೂ ಸಣ್ಣದಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಕ್ಲೋಸ್‌ಪೇಟ್ ಗ್ರಾನೈಟೇ ಅದಕ್ಕೆ ಉತ್ತರ. ಇನ್ನೊಂದು ಉತ್ತರ ರೇಷ್ಮೆಯಲ್ಲಿದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿಂದು, ಗೂಡು ಕಟ್ಟಿದ್ದರೆ ಅದನ್ನೂ ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ದೇಶದ ಅತಿದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದನ್ನು ನೆಚ್ಚಿಕೊಂಡ ರಾಮನಗರದ ಸೀಮೆಗೆ ಇದು ಅನ್ನದ ಪ್ರಶ್ನೆ. ಹುಳುಮನೆಯಲ್ಲಿ ಕೀಟನಾಶಕ ಸಿಂಪಡಿಸಿದರೆ ರೇಷ್ಮೆ ಹುಳುವೂ ಸಾಯುತ್ತದೆ. ಸಂಶೋಧಕರು ವರ್ಷಗಟ್ಟಲೆ ನೊಣದ ಬದುಕನ್ನೇ ಬೆನ್ನುಹತ್ತಿ, ಅದರ ಕೋಶದೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ರೈತರ ಕೈಗೆ ತಲುಪಿಸಿದರು. ಕಿಟಕಿ ಬಾಗಿಲಿಗೆ ಕಟ್ಟಿದ ನೈಲಾನ್ ಪರದೆಯ ಜೊತೆ ಈ ಕಣಜವೂ ಹುಳುಮನೆಯ ಕಾವಲಿಗೆ ನಿಂತಿತು. ಹಳ್ಳಿಯ ಹುಳುಮನೆಯಲ್ಲಿ ಹುಟ್ಟಿದ ಪ್ರಶ್ನೆಯ ಉತ್ತರವೂ ಅದೇ ಹುಳುಮನೆಗೆ ಮರಳಿತು. ಕೇಳುವವರು ಬಾಗಿಲಲ್ಲೇ ಇದ್ದಾಗ ಸಂಶೋಧಕರಿಗೆ ಬೇರೆ ಪ್ರೇರಣೆ ಬೇಕಿಲ್ಲ.

ಹಾಗಾದರೆ ಪದವಿ ಕಾಲೇಜಿನವರು ಚೆನ್ನಾಗಿ ಪಾಠ ಮಾಡಿದರೆ ಸಾಕು, ಸಂಶೋಧನೆ ವಿಶ್ವವಿದ್ಯಾಲಯಗಳಿಗಿರಲಿ ಎನ್ನಬಹುದು. ಎಪಿಐ ಕೈಬಿಟ್ಟ 2018ರ ನಿಯಮಗಳೂ ಕಾಲೇಜು ಅಧ್ಯಾಪಕರ ಮಟ್ಟಿಗೆ ಈ ಕಡೆಗೇ ವಾಲಿದವು. ಪೇಪರಿನ ಹೊರೆ ಇಳಿಸಿದ್ದು ಸರಿ. ಆದರೆ ಹೊರೆ ಇಳಿಸುವುದೂ ಬಾಗಿಲು ಮುಚ್ಚುವುದೂ ಒಂದಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಗ್ರಹದ ಒಂಬತ್ತನೆಯ ಸಂಪುಟವನ್ನು ಪ್ರಕಟಿಸಿದಾಗ, ರಾಮನಗರ ಸೀಮೆಯ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳಾಗಿ ಅದರಲ್ಲಿ ಸೇರಿದವು. ಅಂದು ಓದಿದ ಕಲ್ಲುಗಳಲ್ಲಿ ಇಂದು ಯಾವುದು ಉಳಿದಿದೆ, ಯಾವುದು ರಸ್ತೆಯಡಿ ಸೇರಿದೆ ಎಂದು ಊರೂರು ಸುತ್ತಿ ನೋಡಬಲ್ಲವರು ಅದೇ ತಾಲ್ಲೂಕಿನ ಇತಿಹಾಸ, ಕನ್ನಡ ಅಧ್ಯಾಪಕರು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಾಸಕ್ತರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಜಾನಪದ ಲೋಕ ಎಂಬ ಜನಪದ ಸಂಗ್ರಹಾಲಯವನ್ನು ರಾಮನಗರದಲ್ಲಿ ಕಟ್ಟಿದ ಎಚ್.ಎಲ್. ನಾಗೇಗೌಡರು ಆಡಳಿತ ಸೇವೆಯಿಂದ ಬಂದವರು. ಬಡ್ತಿಯ ಅಂಕದ ಹಂಗಿಲ್ಲದ ಇವರೆಲ್ಲ ಇಷ್ಟು ಮಾಡಬಲ್ಲರಾದರೆ, ಅದೇ ವಿಷಯವನ್ನು ಓದಿ, ಅದೇ ಊರಿನಲ್ಲಿ ಕಲಿಸುವವರಿಗೆ ಕೊರತೆಯಾಗಿರುವುದು ಆಸಕ್ತಿ ಎಂದು ನಾನು ನಂಬುವುದಿಲ್ಲ. ಊರ ಕಲ್ಲನ್ನು ತಾವೇ ಓದಿದ ಅಧ್ಯಾಪಕರ ಪಾಠವೂ ಬೇರೆಯೇ ಇರುತ್ತದೆ. ಚನ್ನಪಟ್ಟಣದ ತರಗತಿಯಲ್ಲಿ ಚೋಳರ ಕಾಲವನ್ನು ಅದೇ ತಾಲ್ಲೂಕಿನ ಕೂಡ್ಲೂರಿನ ಕಲ್ಲುಗಳಿಂದ ಶುರುಮಾಡಬಹುದಲ್ಲ!

ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು. ಉದ್ದಕೊಕ್ಕಿನ ರಣಹದ್ದು ಬಂಡೆಯ ಸಂದಿನಲ್ಲಿ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅದರ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಎರಡು ಮೂರು ವರ್ಷ ಎಣಿಸಿ ಹೇಳಲಾಗದು. ರಾಮನಗರದ ಪ್ರಾಣಿಶಾಸ್ತ್ರ ಅಧ್ಯಾಪಕಿಯೊಬ್ಬರು ಆ ಆರು ಗಂಟೆಗಳನ್ನು ಬೆಟ್ಟದ ಬುಡದಲ್ಲಿ ಕಳೆಯುತ್ತೇನೆಂದು ಹೊರಟರೆ, ಮೊದಲ ಐದು ವರ್ಷ ಅವರ ಕೈಯಲ್ಲಿರುವುದು ದಿನಾಂಕ, ಗೂಡು, ಮರಿಗಳ ಲೆಕ್ಕ ಬರೆದ ಒಂದು ನೋಟುಪುಸ್ತಕ ಮಾತ್ರ. ಬಡ್ತಿಯ ಅರ್ಜಿಯಲ್ಲಿ ಆ ಪುಸ್ತಕಕ್ಕೆ ಒಂದು ಕಾಲಮ್ಮು ಬೇಕು.